ಮನೆಯ ಹಿತ್ತಲಿನಲ್ಲಿ ಕೃತಕ ಹುಲ್ಲಿನ ಆಟದ ಅಂಕಣ: ವೆಚ್ಚ, ಬಾಳಿಕೆ ಮತ್ತು ಲೆಕ್ಕಪತ್ರ

ಒಂದು ಕಾಲಕ್ಕೆ ದೊಡ್ಡ ಕ್ರೀಡಾಂಗಣಗಳಿಗಷ್ಟೇ ಸೀಮಿತವಾಗಿದ್ದ ಕೃತಕ ಹುಲ್ಲಿನ ಹಾಸು ಇಂದು ವರ್ತಕರ ಹಾಗೂ ಸಣ್ಣ ಉದ್ಯಮಿಗಳ ಮನೆಯ ಹಿತ್ತಲನ್ನೂ ಪ್ರವೇಶಿಸಿದೆ. 1966ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಚಾವಣಿಯುಳ್ಳ ಕ್ರೀಡಾಂಗಣದಲ್ಲಿ ನೈಜ ಹುಲ್ಲು ಬದುಕದೆ ಹೋದಾಗ ಈ ಹಾಸು ಪ್ರಸಿದ್ಧಿಗೆ ಬಂದಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಪಂದ್ಯಗಳು ಇದರ ಮೇಲೆಯೇ ನಡೆದವು. ಮಕ್ಕಳ ಆಟ, ಹಿರಿಯರ ವ್ಯಾಯಾಮ ಎರಡಕ್ಕೂ ಒದಗುವ ಈ ಅಂಕಣ ಅಪೇಕ್ಷಣೀಯವೇ ಸರಿ. ಆದರೆ ಇದಕ್ಕೆ ತೊಡಗಿಸುವ ಹಣ ಯಾವ ಖಾತೆಯಿಂದ ಹೋಗುತ್ತದೆ ಎಂಬುದನ್ನು ಮೊದಲೇ ನಿರ್ಧರಿಸದಿದ್ದಲ್ಲಿ, ಮನೆಯ ಸಂತೋಷವು ವ್ಯವಹಾರದ ತೊಡಕಾಗಿ ಪರಿಣಮಿಸುವ ಸಂಭವವಿದೆ.

ಅಳತೆ ಮತ್ತು ಸುರುಳಿಯ ದಿಕ್ಕು

ಕ್ರಿಕೆಟ್ ಪಿಚ್ಚಿನ ಉದ್ದ 20.12 ಮೀಟರ್. 60×40 ಅಡಿಯ ನಿವೇಶನದ ಉದ್ದವೇ 18.29 ಮೀಟರ್. ಆದುದರಿಂದ ಸಾಮಾನ್ಯ ನಿವೇಶನಗಳಲ್ಲಿ ಪೂರ್ಣ ಅಳತೆಯ ಅಂಕಣದ ಆಸೆಯನ್ನು ಬಿಟ್ಟು, ಕಿರು ಅಂಕಣವನ್ನೇ ಯೋಜಿಸುವುದು ವಿವೇಕ. ಕಟ್ಟಡದ ಸುತ್ತ ಬಿಡಬೇಕಾದ ತೆರವು ಜಾಗದಲ್ಲಿ ಎತ್ತರದ ಕಂಬ, ಬಲೆಗಳನ್ನು ನಿಲ್ಲಿಸುವ ಮೊದಲು ಸ್ಥಳೀಯ ಸಂಸ್ಥೆಯ ನಿಯಮಗಳನ್ನು ವಿಚಾರಿಸಿಕೊಳ್ಳಬೇಕು.

ಹಾಸು ಸಾಮಾನ್ಯವಾಗಿ 2 ಅಥವಾ 4 ಮೀಟರ್ ಅಗಲದ ಸುರುಳಿಗಳಲ್ಲಿ ಬರುತ್ತದೆ. 12×9 ಮೀಟರ್ ಅಂಕಣವನ್ನೇ ಉದಾಹರಣೆಯಾಗಿ ನೋಡಬಹುದು. 4 ಮೀಟರ್ ಸುರುಳಿಯನ್ನು ಉದ್ದಕ್ಕೆ ಹಾಸಿದರೆ 12 ಮೀಟರಿನ ಮೂರು ತುಂಡುಗಳು, ಅಂದರೆ 144 ಚದರ ಮೀಟರ್ ಬೇಕು. ಅದನ್ನೇ ಅಡ್ಡಲಾಗಿ ಹಾಸಿದರೆ 9 ಮೀಟರಿನ ಮೂರು ತುಂಡುಗಳು, 108 ಚದರ ಮೀಟರ್ ಸಾಕು. ಅಂಚಿನ ಕತ್ತರಿಕೆಗೆ ಅಲ್ಪಸ್ವಲ್ಪ ಸೇರಿಸಿದರೂ ಉಳಿತಾಯ ಗಣನೀಯ. ದರಪಟ್ಟಿ ಪಡೆಯುವಾಗ ಖರೀದಿಸುವ ವಿಸ್ತೀರ್ಣವನ್ನೂ ಹಾಸುವ ವಿಸ್ತೀರ್ಣವನ್ನೂ ಪ್ರತ್ಯೇಕವಾಗಿ ಬರೆಸಿಕೊಳ್ಳುವುದು ಅಗತ್ಯ.

ನೆಲಗಟ್ಟೇ ಪ್ರಧಾನ

ಅಂಕಣ ಕೆಡುವುದು ಬಹುಮಟ್ಟಿಗೆ ಹಾಸಿನ ದೋಷದಿಂದಲ್ಲ, ಅದರ ಕೆಳಗಿನ ನೆಲದಿಂದ. ಮೇಲ್ಮಣ್ಣನ್ನು ತೆಗೆದು, ಜಲ್ಲಿಯನ್ನು ಪದರ ಪದರವಾಗಿ ಹರಡಿ ಒತ್ತಡ ಯಂತ್ರದಿಂದ ಗಟ್ಟಿಗೊಳಿಸಬೇಕು. 100ಕ್ಕೆ 1ರಷ್ಟು ಇಳಿಜಾರು, ಅಂದರೆ 9 ಮೀಟರಿಗೆ 9 ಸೆಂಟಿಮೀಟರ್, ಇದ್ದರೆ ನೀರು ಹರಿದುಹೋಗುತ್ತದೆ. 50 ಮಿಲಿಮೀಟರ್ ಮಳೆ ಸುರಿದಾಗ ಮೇಲೆ ಹೇಳಿದ ಅಂಕಣದ ಮೇಲೆ ಬೀಳುವ ನೀರು 5,400 ಲೀಟರ್. ಇದಕ್ಕೆ ದಾರಿ ಮಾಡಿಕೊಡದಿದ್ದರೆ ಅದು ಮನೆಯ ಅಡಿಪಾಯದತ್ತಲೋ ನೆರೆಯವರ ಗೋಡೆಯತ್ತಲೋ ಸಾಗುವುದು ನಿಶ್ಚಿತ. ಈ ನೀರನ್ನು ಇಂಗುಗುಂಡಿಗೆ ಹಾಯಿಸಿದಲ್ಲಿ ಅಂತರ್ಜಲಕ್ಕೂ ಅನುಕೂಲ.

ಬಹೂಪಯೋಗಿ ಅಂಕಣಕ್ಕೆ ಗಿಡ್ಡ ಎಳೆಯ, ಮರಳು ತುಂಬಿದ ಹಾಸು ಸೂಕ್ತ; ಫುಟ್‌ಬಾಲಿಗೆ ಉದ್ದ ಎಳೆ ಬೇಕು. ಹಳೆಯ ಟೈರುಗಳಿಂದ ತಯಾರಿಸಿದ ರಬ್ಬರ್ ಹರಳುಗಳನ್ನು ಬಿಡುವುದೇ ಲೇಸು. ಸೂಕ್ಷ್ಮ ಪ್ಲಾಸ್ಟಿಕ್ ಕಾರಣದಿಂದ ಯುರೋಪ್ ಒಕ್ಕೂಟವು 2023ರಲ್ಲಿ ಇಂತಹ ತುಂಬುವಸ್ತುವಿನ ಮಾರಾಟವನ್ನು 2031ರ ವೇಳೆಗೆ ನಿಲ್ಲಿಸುವ ನಿಯಮವನ್ನು ತಂದಿದೆ. ಕೃತಕ ಹಾಸು ಬೇಸಿಗೆಯ ಮಧ್ಯಾಹ್ನ ನೈಜ ಹುಲ್ಲಿಗಿಂತ ಬಹಳ ಹೆಚ್ಚು ಕಾಯುತ್ತದೆ ಎಂಬುದೂ ಗಮನದಲ್ಲಿರಲಿ.

ಗಂಟೆಯ ಲೆಕ್ಕ

ಕೇವಲ ಉದಾಹರಣೆಗಾಗಿ ಒಟ್ಟು ವೆಚ್ಚ ರೂ. 6 ಲಕ್ಷ ಎಂದಿಟ್ಟುಕೊಳ್ಳೋಣ: ಹಾಸಿಗೆ 2.5 ಲಕ್ಷ, ನೆಲಗಟ್ಟು, ಬಲೆ, ದೀಪಗಳಿಗೆ 3.5 ಲಕ್ಷ. ಹಾಸಿನ ಬಾಳಿಕೆ 8 ವರ್ಷವೆಂದರೆ ವಾರ್ಷಿಕ ಸವಕಳಿ ರೂ. 31,250, ಉಳಿದುದಕ್ಕೆ 20 ವರ್ಷವೆಂದರೆ ರೂ. 17,500. ನಿರ್ವಹಣೆಗೆ ರೂ. 12,000; ತೊಡಗಿಸಿದ ಹಣಕ್ಕೆ ಶೇ. 7ರಂತೆ ಕೈಬಿಟ್ಟ ಬಡ್ಡಿ ರೂ. 42,000. ಒಟ್ಟು ರೂ. 1,02,750. ವಾರಕ್ಕೆ ನಾಲ್ಕು ಗಂಟೆ ಆಡಿದರೆ ಗಂಟೆಗೆ ಸುಮಾರು ರೂ. 494, ವಾರಕ್ಕೆ ಒಂದೇ ಗಂಟೆ ಆಡಿದರೆ ರೂ. 1,976. ಊರಿನ ಬಾಡಿಗೆ ಮೈದಾನದ ದರದೊಡನೆ ಇದನ್ನು ತಾಳೆ ನೋಡಿದರೆ ತೀರ್ಮಾನ ಸುಲಭವಾಗುತ್ತದೆ.

ಯಾರ ಖಾತೆಗೆ?

ಮನೆಯ ಅಂಕಣದ ಬಿಲ್ಲನ್ನು ಅಂಗಡಿಯ ಹೆಸರಿನಲ್ಲಿ ಬರೆಸಿ ಖರ್ಚು ಹಾಕುವ ಅಭ್ಯಾಸ ಅಪಾಯಕಾರಿ. ವೈಯಕ್ತಿಕ ವೆಚ್ಚವನ್ನಾಗಲಿ ಬಂಡವಾಳ ವೆಚ್ಚವನ್ನಾಗಲಿ ವ್ಯವಹಾರದ ಖರ್ಚೆಂದು ಕಳೆಯುವಂತಿಲ್ಲ ಎಂಬುದು 1961ರ ಆದಾಯ ತೆರಿಗೆ ಕಾಯಿದೆಯ 37(1)ನೇ ಕಲಮಿನ ತತ್ವ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯಿದೆಯೂ ಇದನ್ನೇ ಅನುಸರಿಸಿದೆ. ಸಂಸ್ಥೆಯಿಂದಲೇ ಹಣ ಪಾವತಿಯಾದರೆ ಅದನ್ನು ಮಾಲೀಕರ ಅಥವಾ ಪಾಲುದಾರರ ಹಿಂತೆಗೆತದ ಖಾತೆಗೆ ಖರ್ಚು ಹಾಕಬೇಕು. ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆಯಿಂದ ಹಣ ಹೊರಟಿದ್ದರೆ, ಆ ಭಾಗದ ಬಡ್ಡಿಯನ್ನು ಅಧಿಕಾರಿಗಳು ತಿರಸ್ಕರಿಸಬಹುದು. ದುಡಿಯುವ ಬಂಡವಾಳವೂ ಕುಗ್ಗುತ್ತದೆ. ಖಾಸಗಿ ಕಂಪನಿಯು ತನ್ನ ಪ್ರಮುಖ ಷೇರುದಾರರ ಮನೆಗಾಗಿ ವ್ಯಯಿಸಿದ ಹಣ ಅವರ ಕೈಯಲ್ಲಿ ಲಾಭಾಂಶವೆಂದು ಪರಿಗಣಿತವಾಗುವ ಸಂಭವವೂ ಉಂಟು.

ಸರಕು ಮತ್ತು ಸೇವಾ ತೆರಿಗೆಯಲ್ಲಿ ವೈಯಕ್ತಿಕ ಬಳಕೆಯ ಸರಕು ಹಾಗೂ ಸೇವೆಗಳಿಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. 17(5)ನೇ ಕಲಂ ಅದನ್ನು ತಡೆದಿದೆ. ಕಾರ್ಖಾನೆಯ ಆವರಣದಲ್ಲಿ ನೌಕರರಿಗಾಗಿ ಅಂಕಣ ನಿರ್ಮಿಸಿದಾಗ ಅದು ವ್ಯವಹಾರದ ಆಸ್ತಿಯೆನಿಸಿದರೂ, ಸ್ಥಿರಾಸ್ತಿ ನಿರ್ಮಾಣಕ್ಕೆ ಅದೇ ಕಲಮಿನ ನಿರ್ಬಂಧ ಅನ್ವಯಿಸುತ್ತದೆ. 2024ರ ಅಕ್ಟೋಬರಿನಲ್ಲಿ ಸಫಾರಿ ರಿಟ್ರೀಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಆಸೆ ಮೂಡಿಸಿತ್ತು. 2025ರ ಹಣಕಾಸು ಕಾಯಿದೆಯು 2017ರಿಂದಲೇ ಅನ್ವಯವಾಗುವಂತೆ ಪದ ತಿದ್ದುಪಡಿ ಮಾಡಿ ಆ ಬಾಗಿಲನ್ನು ಮುಚ್ಚಿತು.

ಅಂಕಣವನ್ನು ನೆರೆಹೊರೆಯವರಿಗೆ ಬಾಡಿಗೆಗೆ ಕೊಟ್ಟರೆ ಅದು ವ್ಯವಹಾರವಾಗುತ್ತದೆ. ಈಗಾಗಲೇ ನೋಂದಣಿ ಹೊಂದಿರುವ ಮಾಲೀಕರಿಗೆ ಹೊಸ ಮಿತಿಯ ವಿನಾಯಿತಿ ದೊರೆಯದು. ಆ ಬಾಡಿಗೆಯೂ ಅದೇ ವಹಿವಾಟಿಗೆ ಸೇರಿ ತೆರಿಗೆಗೆ ಒಳಪಡುತ್ತದೆ. ಗೃಹಬಳಕೆಯ ವಿದ್ಯುತ್ ದರವೂ ಬದಲಾಗಬಹುದು.

ಬಿಲ್ಲುಗಳನ್ನು ಕಾಯ್ದಿಡಿ

ಸ್ವಂತ ಉಳಿತಾಯದಿಂದ, ಸ್ವಂತ ಹೆಸರಿನ ಬಿಲ್ಲಿಗೆ, ಬ್ಯಾಂಕಿನ ಮೂಲಕ ಪಾವತಿಸುವುದೇ ನೇರ ಮಾರ್ಗ. ನೆಲಗಟ್ಟಿನಂತಹ ಬಂಡವಾಳ ಸ್ವರೂಪದ ಸೇರ್ಪಡೆಯನ್ನು ಮುಂದೆ ಮನೆ ಮಾರಿದಾಗ ಸುಧಾರಣೆಯ ವೆಚ್ಚವೆಂದು ಕೋರಲು ಅವಕಾಶವಿದೆ; ಆಗ ಈ ಬಿಲ್ಲುಗಳೇ ಆಧಾರ. ಗುತ್ತಿಗೆದಾರರಿಂದ ಹಾಸಿನ ಬಣ್ಣ, ಬೆಸುಗೆ ಹಾಗೂ ನೆಲದ ಕುಸಿತಗಳಿಗೆ ಪ್ರತ್ಯೇಕ ಲಿಖಿತ ಖಾತರಿ ಪಡೆದು, ಒಂದು ಮಳೆಗಾಲ ಕಳೆಯುವವರೆಗೆ ಹಣದ ಒಂದು ಭಾಗವನ್ನು ತಡೆಹಿಡಿಯುವ ಷರತ್ತನ್ನು ಕರಾರಿನಲ್ಲಿ ಸೇರಿಸಿಕೊಳ್ಳುವುದು ಒಳಿತು.