ನಂದಲಾಲ ಬೋಸರ ಕಲೆಯೂ ಬೋಧನೆಯೂ

ಚಿತ್ರಕಾರನು ಉಪಾಧ್ಯಾಯನಾದರೆ ಅವನ ಕಲೆಯು ಸೊರಗುವುದೆಂಬ ಅಭಿಪ್ರಾಯವು ನಮ್ಮಲ್ಲಿ ಬಹುಮಂದಿಗೆ ಉಂಟು. ಸಾಹಿತ್ಯವನ್ನು ಬೋಧಿಸುವ ವಾಚಕರು ಈ ಮಾತನ್ನು ಕವಿಗಳ ವಿಷಯವಾಗಿಯೂ ಕೇಳಿಯೇ ಇರುವರು. ಇದರ ಸತ್ಯಾಸತ್ಯತೆಯನ್ನು ಪರೀಕ್ಷಿಸುವುದಕ್ಕೆ, ಶಾಂತಿನಿಕೇತನದ ಕಲಾಭವನದಲ್ಲಿ ಸುಮಾರು ಮೂವತ್ತು ವರ್ಷಗಳ ಕಾಲ ಗುರುಸ್ಥಾನದಲ್ಲಿದ್ದ ನಂದಲಾಲ ಬೋಸರ (1882-1966) ಜೀವಿತಕ್ಕಿಂತ ತಕ್ಕ ನಿದರ್ಶನವು ದೊರೆಯುವುದು ಕಷ್ಟ. ಕಲಿಸುವುದು, ರಚಿಸುವುದು, ರಚಿಸಿದುದನ್ನು ಜನರ ಮುಂದಿಡುವುದು ಎಂಬ ಮೂರು ವ್ಯಾಪಾರಗಳು ಅವರಲ್ಲಿ ಬೇರೆಬೇರೆಯಾಗಿ ನಿಂತುದೇ ಇಲ್ಲವೆಂದು ತೋರುವುದು ಈ ಲೇಖನದ ಉದ್ದೇಶ.

ಬಿಹಾರದ ಮುಂಗೇರ್ ಜಿಲ್ಲೆಯ ಖರಗ್‌ಪುರದಲ್ಲಿ ಹುಟ್ಟಿದ ನಂದಲಾಲರು 1905ರಲ್ಲಿ ಕಲ್ಕತ್ತೆಯ ಸರಕಾರಿ ಕಲಾಶಾಲೆಯನ್ನು ಸೇರಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಮ್ಮ ಕೆ. ವೆಂಕಟಪ್ಪನವರೂ ಅದೇ ಗುರುವಿನ ಬಳಿ ಕಲಿತವರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಗಳ ಪುರಾಣಕಥಾಗ್ರಂಥಕ್ಕೆ (1913) ಇಬ್ಬರೂ ಚಿತ್ರಗಳನ್ನು ಬರೆದರು. 1908ರಲ್ಲಿ ಪ್ರಾಚ್ಯಕಲಾಸಂಘದ ಪ್ರದರ್ಶನದಲ್ಲಿ ‘ಶಿವ-ಸತಿ’ ಎಂಬ ಚಿತ್ರಕ್ಕೆ ನಂದಲಾಲರಿಗೆ ಐನೂರು ರೂಪಾಯಿಗಳ ಬಹುಮಾನವು ಬಂದಿತು. ಆ ಹಣವನ್ನು ಅವರು ದೇಶಸಂಚಾರಕ್ಕೆ ವಿನಿಯೋಗಿಸಿದರು. ಪ್ರದರ್ಶನದಿಂದ ಬಂದುದು ಹೀಗೆ ಮತ್ತೆ ಕಲಿಕೆಗೇ ಹೋಯಿತು.

ಮರುವರ್ಷದ ಚಳಿಗಾಲದಲ್ಲಿ, ಶ್ರೀಮತಿ ಹೆರಿಂಗ್‌ಹ್ಯಾಮರ ಕಾರ್ಯದಲ್ಲಿ ನೆರವಾಗಿ ಅಜಂತೆಯ ಭಿತ್ತಿಚಿತ್ರಗಳ ಪ್ರತಿ ತೆಗೆಯಲು ಹೋದರು. ಪ್ರತಿ ತೆಗೆಯುವುದು ಕೀಳು ಕೆಲಸವೆಂದು ಎಣಿಸುವವರು ಉಂಟು. ಆದರೆ ಮಾಸಿದ ಗೋಡೆಯ ಮುಂದೆ ದಿನಗಟ್ಟಲೆ ಕುಳಿತು ಒಂದು ತೋಳಿನ ಬಾಗನ್ನು ಕೈಯಿಂದಲೇ ಹಿಂಬಾಲಿಸಿದವನಿಗೆ, ರೇಖೆಯೆಂದರೆ ಆಕಾರದ ಬರಿಯ ಎಲ್ಲೆಯಲ್ಲ, ದೇಹದ ತೂಕವನ್ನು ಹೊರುವ ಶಕ್ತಿ ಎಂಬುದು ಮನವರಿಕೆಯಾಗುವುದು. ಅವರ ಮೊದಲ ಪೌರಾಣಿಕ ಚಿತ್ರಗಳ ಮಂಜುಮಂಜಾದ ಬಣ್ಣಗಾರಿಕೆಯು (ಅದರಲ್ಲಿ ಗುರುವಿನ ಛಾಯೆಯೇ ಹೆಚ್ಚೆಂದು ಹೇಳಿದರೆ ತಪ್ಪಾಗಲಾರದು) ಕ್ರಮೇಣ ಹಿಂದೆ ಸರಿದು ರೇಖೆಯು ಮುಂದೆ ಬಂದುದಕ್ಕೆ ಈ ಗುಹೆಗಳೇ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ. 1921ರಲ್ಲಿ ಗ್ವಾಲಿಯರ್ ಸಂಸ್ಥಾನದ ಬಾಘ್ ಗುಹೆಗಳಲ್ಲಿಯೂ ಅವರು ಇದೇ ಕಾರ್ಯವನ್ನು ಮಾಡಿದರು.

1919ರಲ್ಲಿ ಸ್ಥಾಪಿತವಾದ ಕಲಾಭವನದ ಮುಖ್ಯಸ್ಥಾನವನ್ನು ನಂದಲಾಲರು 1922ರಲ್ಲಿ ವಹಿಸಿಕೊಂಡರು. ಗ್ರೀಕ್ ಪ್ರತಿಮೆಗಳ ಗಚ್ಚಿನ ಅಚ್ಚುಗಳನ್ನು ನೋಡಿ ಬರೆಯುವುದೇ ಅಂದಿನ ಸರಕಾರಿ ಶಾಲೆಗಳ ಪದ್ಧತಿಯಾಗಿದ್ದಿತು. ಇಲ್ಲಿಯಾದರೋ ವಿದ್ಯಾರ್ಥಿಗಳು ಕೆಂಪು ಮಣ್ಣಿನ ಬಯಲಿಗೂ ಸಂತಾಲರ ಹಳ್ಳಿಗಳಿಗೂ ಹೋಗಿ, ಮರವನ್ನೂ ದನವನ್ನೂ ಮನುಷ್ಯನನ್ನೂ ಅವುಗಳ ನೆಲೆಯಲ್ಲಿಯೇ ಕಂಡು ಬರೆಯುತ್ತಿದ್ದರು. ಅಂಗಳದ ರಂಗವಲ್ಲಿ, ರವೀಂದ್ರರ ನಾಟಕಗಳ ರಂಗಸಜ್ಜಿಕೆ, ಉತ್ಸವದ ಅಲಂಕಾರ ಇವೆಲ್ಲವೂ ಪಾಠದ ಅಂಗಗಳೇ ಆಗಿದ್ದವು. 1927ರಲ್ಲಿ ಹಸಿಗಾರೆಯ ಮೇಲೆ ಚಿತ್ರಿಸುವ ವಿಧಾನವನ್ನು ಕಲಿಸುವುದಕ್ಕಾಗಿ ಜಯಪುರದಿಂದ ಪರಂಪರೆಯ ಕುಶಲಕರ್ಮಿಯೊಬ್ಬರನ್ನು ಕರೆಯಿಸಿದಾಗ, ಶಿಷ್ಯರೊಡನೆ ಗುರುಗಳೂ ಕಲಿತರು. ರವೀಂದ್ರರ ಬಂಗಾಳಿ ಬಾಲಪಾಠವಾದ ‘ಸಹಜ ಪಾಠ’ಕ್ಕೆ (1930) ಅವರು ಮಾಡಿಕೊಟ್ಟ ಕಪ್ಪುಬಿಳುಪಿನ ಅಚ್ಚುಚಿತ್ರಗಳನ್ನು ನೋಡಿದವರಿಗೆ, ಅಕ್ಷರ ಕಲಿಯುವ ಮಗುವನ್ನೂ ಅವರು ತಮ್ಮ ಶಿಷ್ಯವರ್ಗದಲ್ಲಿ ಸೇರಿಸಿಕೊಂಡಿದ್ದರೆಂದು ತೋರದಿರದು.

ಪ್ರದರ್ಶನದ ವಿಷಯದಲ್ಲಿ ಅವರ ನಿಲುವು ಸ್ಪಷ್ಟವಾಗುವುದು ಕಾಂಗ್ರೆಸ್ ಅಧಿವೇಶನಗಳಲ್ಲಿ. 1936ರಲ್ಲಿ ಗಾಂಧಿಯವರ ಅಪೇಕ್ಷೆಯಂತೆ ಲಖ್ನೋದಲ್ಲಿ ಕಲಾಪ್ರದರ್ಶನವನ್ನು ಏರ್ಪಡಿಸಿದರು. ಅದೇ ವರ್ಷದ ಕೊನೆಯಲ್ಲಿ ಖಾನ್‌ದೇಶದ ಫೈಜ್‌ಪುರವೆಂಬ ಹಳ್ಳಿಯಲ್ಲಿ ನಡೆದ ಅಧಿವೇಶನಕ್ಕೆ ಬಿದಿರು ಮುಂತಾದ ಸ್ಥಳೀಯ ಸಾಮಗ್ರಿಗಳಿಂದಲೇ ಶೋಭೆಯನ್ನು ತಂದರು. 1938ರ ಫೆಬ್ರವರಿಯಲ್ಲಿ ಗುಜರಾತಿನ ಹರಿಪುರದಲ್ಲಿ ಈ ಪ್ರಯತ್ನವು ಪರಿಪಾಕಕ್ಕೆ ಬಂದಿತು. ಅಲ್ಲಿಗಾಗಿ ನಂದಲಾಲರು ಕೈಕಾಗದದ ಮೇಲೆ, ಸುಮಾರು ಎರಡೆರಡು ಅಡಿಗಳ ಅಳತೆಯಲ್ಲಿ, ಮಣ್ಣಿನ ಬಣ್ಣಗಳಿಂದ ಎಂಬತ್ತಕ್ಕೆ ಮೀರಿದ ಫಲಕಗಳನ್ನು ಸ್ವತಃ ಬರೆದರು. ಶಿಷ್ಯರು ಪ್ರತಿಗಳನ್ನು ತೆಗೆದು ಒಟ್ಟು ಸಂಖ್ಯೆಯು ನಾನೂರರ ಹತ್ತಿರಕ್ಕೆ ಬಂದಿತು. ಡೋಲು ಬಾರಿಸುವವನು, ಬಟ್ಟೆ ಹೊಲಿಯುವ ದರ್ಜಿ, ಭತ್ತ ಕುಟ್ಟುವ ಹೆಂಗಸರು, ಗೂಳಿಯನ್ನು ಹಿಡಿದವನು, ವೀಣೆ ನುಡಿಸುವವಳು ಇವರೇ ಅಲ್ಲಿನ ನಾಯಕರು. ಹಿಂದೆ ದೇವತೆಗಳಿಗೆ ಮೀಸಲಾಗಿದ್ದ ಕಮಾನಿನ ಪ್ರಭಾವಳಿಯೊಳಗೆ ದರ್ಜಿಯು ಕುಳಿತಿರುವುದು ಆಕಸ್ಮಿಕವಲ್ಲ. ಫಲಕಗಳನ್ನು ಭವನದೊಳಗೆ ಬಚ್ಚಿಡದೆ ಮಹಾದ್ವಾರಗಳಲ್ಲಿಯೂ ಡೇರೆಗಳ ಮೇಲೂ ತೂಗುಹಾಕಿದರು. ಸಭೆಗೆಂದು ನಡೆದು ಬರುವ ರೈತನು ಚಿತ್ರವನ್ನು ನೋಡಲೆಂದು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ದಾರಿಯಲ್ಲಿ ತನ್ನನ್ನೇ ಕಾಣುತ್ತಿದ್ದನು. ಬಂಗಾಳದ ಪಟಚಿತ್ರಗಾರರ ಕೈವೇಗವೂ ಅಜಂತೆಯ ರೇಖಾಗೌರವವೂ ಈ ಫಲಕಗಳಲ್ಲಿ ಒಂದುಗೂಡಿವೆ. ಅವಸರದ ಕೆಲಸವಾದುದರಿಂದ ಕುಂಚವು ತಿದ್ದುಪಡಿಗೆ ಹಿಂದಿರುಗಿಲ್ಲ. ಅದೇ ಇವುಗಳ ಸೊಗಸು. ಬೋಧನೆಯ ಭಾರವು ಕಲೆಯನ್ನು ಕುಗ್ಗಿಸಿತೆನ್ನುವವರು ಮೊದಲು ಈ ಫಲಕಗಳಿಗೆ ಉತ್ತರ ಹೇಳಬೇಕು; ಶಿಷ್ಯರ ಗುಂಪು ಇಲ್ಲದಿದ್ದರೆ ಇಂತಹ ಕಾರ್ಯವನ್ನು ಸಂಕಲ್ಪಿಸುವುದೇ ಸಾಧ್ಯವಿರಲಿಲ್ಲ.

ಗುರುವಿನ ಯೋಗ್ಯತೆಗೆ ಇನ್ನೊಂದು ಒರೆಗಲ್ಲು ಉಂಟು: ಶಿಷ್ಯರು ಅವನಂತೆ ಬರೆಯುವರೇ? ಶಾಂತಿನಿಕೇತನದ ಶೈಲಿಯೆಂಬ ಒಂದು ಮುದ್ರೆಯನ್ನು ಹೊತ್ತು ತೃಪ್ತರಾದ ಸಾಮಾನ್ಯರು ಅಲ್ಲಿಂದ ಬಂದುದು ನಿಜ. ಆದರೆ ರಾಮಕಿಂಕರ ಬೈಜರು ಗುರುಗಳಿಗೆ ಅಷ್ಟು ಪ್ರಿಯವಲ್ಲದ ತೈಲವರ್ಣವನ್ನು ಹಿಡಿದರು. 1938ರಲ್ಲಿ ಸಿಮೆಂಟು ಮತ್ತು ಜಂಬಿಟ್ಟಿಗೆಯ ಜಲ್ಲಿಯಿಂದ ‘ಸಂತಾಲ ಕುಟುಂಬ’ವನ್ನು ಬಯಲಿನಲ್ಲಿ ನಿಲ್ಲಿಸಿದರು. ಹುಟ್ಟಿನಿಂದಲೇ ದೃಷ್ಟಿಮಾಂದ್ಯವಿದ್ದ ಬಿನೋದ ಬಿಹಾರಿ ಮುಖರ್ಜಿಯವರು 1946-47ರಲ್ಲಿ ಹಿಂದೀ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರನ್ನು ಚಿತ್ರಿಸಿದರು. ಇವರಲ್ಲಿ ಯಾರ ಕೃತಿಯನ್ನೂ ನಂದಲಾಲರದೆಂದು ಭ್ರಮಿಸುವಂತಿಲ್ಲ. 1940ರಲ್ಲಿ ಬಂದು ಶಿಕ್ಷಣವನ್ನು ಮುಗಿಸದೆಯೇ ಹೊರಟ ಸತ್ಯಜಿತ್ ರಾಯರು ಚಲನಚಿತ್ರದ ಕಡೆಗೆ ತಿರುಗಿದರು.

ಸಹಾಧ್ಯಾಯಿಯಾದ ವೆಂಕಟಪ್ಪನವರ ಮಾರ್ಗವು ಬೇರೆ. ಉದಕಮಂಡಲದ ಮಂಜನ್ನೂ ಬೆಳಕನ್ನೂ ಹಿಡಿದ ಅವರ ಜಲವರ್ಣಗಳ ಸೂಕ್ಷ್ಮತೆಯು ಏಕಾಂತದಿಂದ ಹುಟ್ಟಿದುದು. ಆ ಏಕಾಂತವನ್ನು ಅವರು ಕಡೆಯವರೆಗೂ ಕಾಪಾಡಿಕೊಂಡರು. ಇದನ್ನು ನ್ಯೂನತೆಯೆಂದು ಎಣಿಸಲಾಗದು. ಆದರೂ ಕನ್ನಡನಾಡಿನಲ್ಲಿ ಅವರ ಕೈಯ ಜ್ಞಾನವು ಶಿಷ್ಯಪರಂಪರೆಯಾಗಿ ಇಳಿದು ಬರಲಿಲ್ಲವೆಂಬುದನ್ನು ನೆನೆದಾಗ ವ್ಯಸನವಾಗದಿರದು.

ನಂದಲಾಲರು 1951ರಲ್ಲಿ ನಿವೃತ್ತರಾದರು. ಅದಕ್ಕೆ ಮುಂಚೆ ಭಾರತದ ಸಂವಿಧಾನದ ಕೈಬರಹದ ಪ್ರತಿಯನ್ನು ಅಲಂಕರಿಸುವ ಭಾರವು ಅವರ ಮೇಲೆ ಬಿದ್ದಿತು. ಮೊಹೆಂಜೊದಾರೊ ಮುದ್ರೆಯ ಗೂಳಿಯಿಂದ ಮೊದಲುಗೊಂಡು ದೇಶದ ಚರಿತ್ರೆಯನ್ನು ಭಾಗಭಾಗಗಳ ತಲೆಯಲ್ಲಿ ಚಿತ್ರಿಸಿದ ಈ ಕಾರ್ಯವನ್ನೂ ಅವರು ಶಿಷ್ಯರೊಡನೆ ಹಂಚಿಕೊಂಡರು. ಎಲ್ಲರ ಕಣ್ಣೂ ಮೊದಲು ಬೀಳುವ ಪ್ರಸ್ತಾವನೆಯ ಪುಟವನ್ನು ತಮಗೆ ಇರಿಸಿಕೊಳ್ಳದೆ ಬ್ಯೋಹಾರ್ ರಾಮಮನೋಹರ ಸಿನ್ಹರಿಗೆ ಬಿಟ್ಟುಕೊಟ್ಟರು. ಆ ಪುಟದ ಅಂಚಿನ ಚಿತ್ತಾರದೊಳಗೆ ಶಿಷ್ಯನ ಕಿರುಸಹಿಯು ಇಂದಿಗೂ ಕಾಣುವುದು.