ಒತ್ತಿನೆಣೆಯ ಗುಡ್ಡವೂ ಗಣಕಯಂತ್ರದ ಲೆಕ್ಕವೂ

ರಾಷ್ಟ್ರೀಯ ಹೆದ್ದಾರಿ 66ರ ಚತುಷ್ಪಥ ಕಾಮಗಾರಿಗಾಗಿ ಬೈಂದೂರು ಸಮೀಪದ ಒತ್ತಿನೆಣೆಯಲ್ಲಿ ಗುಡ್ಡವನ್ನು ಸೀಳಲಾಯಿತು. 2017ರ ಮಳೆಗಾಲದಲ್ಲಿ ಅದೇ ಗುಡ್ಡದ ಮಣ್ಣು ರಸ್ತೆಗೆ ಕುಸಿದು ಸಂಚಾರಕ್ಕೆ ತಡೆಯಾಯಿತು. ಇಂತಹ ಗುಡ್ಡದಿಂದ ಎಷ್ಟು ಮಣ್ಣು ತೆಗೆಯಬೇಕೆಂಬುದನ್ನು ಗುದ್ದಲಿ ತಾಗುವ ಮೊದಲೇ ಅಂದಾಜಿಸಬೇಕಾಗುತ್ತದೆ. ಇಂದು ಈ ಲೆಕ್ಕವನ್ನು ಆಟೋಕ್ಯಾಡ್, ಸಿವಿಲ್ ತ್ರೀಡಿಯಂತಹ ತಂತ್ರಾಂಶಗಳು ಕ್ಷಣಾರ್ಧದಲ್ಲಿ ಒಪ್ಪಿಸುತ್ತವೆ. ಉತ್ತರ ಎಷ್ಟು ನಂಬಲರ್ಹ ಎಂಬುದು ಮಾತ್ರ ಬೇರೆಯೇ ಪ್ರಶ್ನೆ.

ಲೆಕ್ಕದ ಮೂಲ ಸಮೋನ್ನತಿ ರೇಖೆ, ಅರ್ಥಾತ್ ಕಾಂಟೂರ್. ನೆರೆನೀರು ಹಂತಹಂತವಾಗಿ ಏರಿದರೆ ಗುಡ್ಡದ ಸುತ್ತ ಮೂಡುವ ನೀರಂಚುಗಳನ್ನು ಕಲ್ಪಿಸಿಕೊಳ್ಳಿ. ಪ್ರತಿಯೊಂದು ಅಂಚೂ ಒಂದೇ ಎತ್ತರದ ಗೆರೆ. 20 ಮೀಟರ್ ಎತ್ತರದ ಗೆರೆಯೊಳಗೆ 10,000 ಚದರ ಮೀಟರ್, 22ರಲ್ಲಿ 6,000, 24ರಲ್ಲಿ 3,000, 26ರಲ್ಲಿ 1,000 ಚದರ ಮೀಟರ್ ಇದೆಯೆನ್ನೋಣ. ಅಕ್ಕಪಕ್ಕದ ಎರಡೆರಡು ವಿಸ್ತೀರ್ಣಗಳ ಸರಾಸರಿಯನ್ನು 2 ಮೀಟರ್ ಎತ್ತರದಿಂದ ಗುಣಿಸಿ ಕೂಡಿದರೆ 29,000 ಘನ ಮೀಟರ್ ಮಣ್ಣು. ನಡುವಿನ ಎರಡು ಗೆರೆಗಳನ್ನು ಕೈಬಿಟ್ಟು ಲೆಕ್ಕ ಹಾಕಿದರೆ 33,000! ಗುಡ್ಡ ಅದೇ, ವ್ಯತ್ಯಾಸ 4,000 ಘನ ಮೀಟರ್. ಅಗೆದ ಮಣ್ಣು ಸಡಿಲಗೊಂಡು ಕಾಲುಭಾಗದಷ್ಟು ಉಬ್ಬುತ್ತದೆಂದು ಹಿಡಿದರೆ, 10 ಘನ ಮೀಟರ್ ಹಿಡಿಯುವ ಟಿಪ್ಪರ್‌ನಲ್ಲಿ 500 ಲೋಡು.

ತಂತ್ರಾಂಶವು ಗೆರೆಗಳ ಮೇಲಿನ ಬಿಂದುಗಳನ್ನು ತ್ರಿಕೋನಗಳಾಗಿ ಹೆಣೆದು ನೆಲದ ಮಾದರಿಯನ್ನು ಕಟ್ಟುತ್ತದೆ. ಉದ್ದೇಶಿತ ರಸ್ತೆಯದು ಇನ್ನೊಂದು ಮಾದರಿ. ಇವೆರಡರ ನಡುವಿನ ಅಂತರವೇ ಕಡಿಯಬೇಕಾದ ಹಾಗೂ ತುಂಬಬೇಕಾದ ಮಣ್ಣಿನ ಪ್ರಮಾಣ. ಗುಡ್ಡದ ನೆತ್ತಿಯ ಎತ್ತರವನ್ನು ಪ್ರತ್ಯೇಕವಾಗಿ ನೀಡದಿದ್ದರೆ ಕೊನೆಯ ಗೆರೆಯ ಮೇಲೆ ಅದು ನೆತ್ತಿಯನ್ನೇ ಸವರಿ ಚಪ್ಪಟೆಯಾಗಿಸುತ್ತದೆ. ಮೇಲ್ಭಾಗ ನಿಜಕ್ಕೂ ಚಪ್ಪಟೆಯಾಗಿರುವ ಕರಾವಳಿಯ ಕೆಂಪುಕಲ್ಲಿನ ಗುಡ್ಡಗಳಲ್ಲಿ ಇದರಿಂದ ಹೆಚ್ಚು ನಷ್ಟವಿಲ್ಲ. ಆದರೆ ಥಟ್ಟನೆ ಕಡಿದುಬೀಳುವ ಅವುಗಳ ಅಂಚನ್ನು ಟೋಟಲ್ ಸ್ಟೇಷನ್‌ನಿಂದ ಅಳೆದೇ ದಾಖಲಿಸಬೇಕು.

ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಭೂಪಟದಲ್ಲಿ ಗೆರೆಗಳ ನಡುವಿನ ಅಂತರ ಸಾಮಾನ್ಯವಾಗಿ 20 ಮೀಟರ್. ಮಾರ್ಗದ ಆಯ್ಕೆಗೆ ಅದು ಸಾಕು, ಬಿಲ್ಲಿಗೆ ಸಾಲದು. ಬ್ರಹ್ಮಾವರ, ಕುಂದಾಪುರದ ಬಯಲು ಗದ್ದೆಗಳಲ್ಲಂತೂ ಅಂತಹ ಒಂದು ಗೆರೆಯೂ ಹಾಯದಿರಬಹುದು. ಅಲ್ಲಿ ಒಂದು ಎಕರೆ ನಿವೇಶನಕ್ಕೆ ಮಣ್ಣು ತುಂಬಿಸುವಾಗ ಮಟ್ಟದಲ್ಲಿ ಕೇವಲ 10 ಸೆಂಟಿಮೀಟರ್ ತಪ್ಪಿದರೂ ಸುಮಾರು 400 ಘನ ಮೀಟರ್ ವ್ಯತ್ಯಾಸವಾಗುತ್ತದೆ. ಮೂಲ ನೆಲವನ್ನು ಕೆಲಸ ಆರಂಭವಾಗುವ ಮೊದಲು, ಎರಡೂ ಪಕ್ಷಗಳ ಸಮ್ಮುಖದಲ್ಲೇ ಅಳೆದಿರಬೇಕು. ಮಣ್ಣು ಬಿದ್ದ ಮೇಲೆ ಅಳೆಯಲು ಹಳೆಯ ನೆಲವೇ ಇರುವುದಿಲ್ಲ.

ಇಷ್ಟೆಲ್ಲ ಸರಿಯಿದ್ದರೂ ಗುಡ್ಡ ನಿಲ್ಲುತ್ತದೆಯೇ ಎಂಬುದನ್ನು ಈ ಲೆಕ್ಕ ಹೇಳದು. ಕಡಿದ ಬದಿಯ ಇಳಿಜಾರು ಎಷ್ಟಿರಬೇಕೆಂದು ತಂತ್ರಾಂಶಕ್ಕೆ ಹೇಳುವವರು ನಾವೇ. 20 ಮೀಟರ್ ಆಳದ ಕಡಿತದಲ್ಲಿ, ಮೇಲ್ಭಾಗ ಸಮತಟ್ಟೆಂದು ಭಾವಿಸಿ, ಪ್ರತಿ ಮೀಟರ್ ಎತ್ತರಕ್ಕೆ ಅರ್ಧ ಮೀಟರ್ ಹಿಂದೆ ಸರಿದರೆ ಒಂದು ಬದಿಯ ಇಳಿಜಾರಿಗೆ ರಸ್ತೆಯ ಪ್ರತಿ ಮೀಟರ್ ಉದ್ದಕ್ಕೆ 100 ಘನ ಮೀಟರ್ ಅಗೆಯಬೇಕು. ಒಂದು ಮೀಟರ್ ಸರಿದರೆ 200. ಹೀಗೆ 500 ಮೀಟರ್ ಉದ್ದದ ಕಡಿತದಲ್ಲಿ ಎರಡೂ ಬದಿ ಸೇರಿ ಹೆಚ್ಚುವರಿ ಅಗೆತವೇ ಒಂದು ಲಕ್ಷ ಘನ ಮೀಟರ್! ಮೇಲೆ ತಲಾ 10 ಮೀಟರ್ ಹೆಚ್ಚು ಜಾಗವೂ ಬೇಕು. ಕಡಿದಾದ ಬದಿಯತ್ತ ಮನಸ್ಸು ವಾಲುವುದು ಇದೇ ಕಾರಣಕ್ಕೆ.

ನಮ್ಮ ಕರಾವಳಿಯಲ್ಲಿ ಮೇಲೆ ಗಟ್ಟಿ ಕೆಂಪುಕಲ್ಲು, ಅದರಡಿ ನುಣುಪಾದ ಶೇಡಿಮಣ್ಣು. ಒಣಗಿದಾಗ ಗೋಡೆಯಂತೆ ನಿಲ್ಲುವ ಈ ಮಣ್ಣು ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಸಮೋನ್ನತಿ ರೇಖೆಯಲ್ಲಿ ಎರಡೂ ಒಂದೇ ಗೆರೆ. ಶೇಡಿಮಣ್ಣು ಎಷ್ಟು ಆಳದಲ್ಲಿ ಆರಂಭವಾಗುತ್ತದೆ ಎಂಬುದು ಕೊಳವೆ ಕೊರೆದು ತೆಗೆದ ಮಣ್ಣಿನ ಮಾದರಿಯಿಂದಷ್ಟೇ ತಿಳಿಯುತ್ತದೆ. ಇಳಿಜಾರಿನ ಅಂಕಿಯನ್ನು ತಂತ್ರಾಂಶಕ್ಕೆ ತುಂಬಬೇಕಾದುದು ಆ ವರದಿ ಕೈಸೇರಿದ ಬಳಿಕ.