ಟಾರ್ಗೆಟ್ ಮೆಸೇಜ್ ಸಾಕು, ಬೈಕ್ ಹಿಂದೆ ಕೂತು ಅಂಗಡಿಗೆ ಹೋಗಿ

ಸೋಮವಾರ ಬೆಳಗ್ಗೆ ವಾಟ್ಸಾಪ್ ಗ್ರೂಪಿಗೆ "ಹೋದ ವಾರ ಯಾಕೆ ಇಷ್ಟೇ? ಟಾರ್ಗೆಟ್ ಏನಾಯ್ತು?" ಅಂತ ಹಾಕಿಬಿಟ್ಟರೆ ನನ್ನ ಕೆಲಸ ಮುಗೀತು ಅಂದುಕೊಂಡಿದ್ದೆ. ಮಾರಾಟಕ್ಕೆ ಹೋಗುವ ನಾಲ್ವರೂ ಹೆಬ್ಬೆರಳು ಒತ್ತಿ ಸುಮ್ಮನಾಗ್ತಿದ್ದರು. ಎಣ್ಣೆ ಮಾತ್ರ ಗೋಡೌನ್ ಬಿಟ್ಟು ಅಲ್ಲಾಡುತ್ತಿರಲಿಲ್ಲ.

ನಮ್ಮದು ಚಳ್ಳಕೆರೆ ಕಡೆಯ ಸಣ್ಣ ರೈತ ಉತ್ಪಾದಕ ಕಂಪನಿ. ಸದಸ್ಯರ ಶೇಂಗಾ ಕೊಂಡು, ಮರದ ಗಾಣದಲ್ಲಿ ಎಣ್ಣೆ ತೆಗೆದು ಮಾರುತ್ತೇವೆ. ಎಣ್ಣೆ ಹೋಗದಿದ್ದರೆ ಸದಸ್ಯರಿಗೆ ದುಡ್ಡು ತಡ. ದುಡ್ಡು ತಡವಾದರೆ ಮುಂದಿನ ಸಲ ಅವರು ಕಾಯಿಯನ್ನು ಸೀದಾ ಎಪಿಎಂಸಿಗೆ ಒಯ್ಯುತ್ತಾರೆ, ತಪ್ಪೇನಿಲ್ಲ. ಕೇಂದ್ರ ಸರ್ಕಾರದ 2020ರ ಎಫ್‌ಪಿಒ ಯೋಜನೆಯಲ್ಲಿ ಆಡಳಿತ ಖರ್ಚಿಗೆ 3 ವರ್ಷಕ್ಕೆ ಒಟ್ಟು 18 ಲಕ್ಷ ರೂಪಾಯಿವರೆಗೆ ನೆರವಿದೆ. ಆಮೇಲೆ? ಸಂಬಳವೂ ಮಾರಾಟದಿಂದಲೇ ಹುಟ್ಟಬೇಕು.

ಒಂದು ದಿನ ಒಬ್ಬ ಹುಡುಗನ ಬೈಕ್ ಹತ್ತಿದೆ. ಅಂಗಡಿಯಲ್ಲಿ ಅವನು ಆರೋಗ್ಯ, ಹೃದಯ, ಕೆಮಿಕಲ್ ಅಂತ ಐದು ನಿಮಿಷ ಮಾತಾಡಿದ. ಅಂಗಡಿಯವರು ಕೇಳಿದ್ದು ಒಂದೇ: "ರಿಫೈಂಡ್‌ಗಿಂತ ರೇಟ್ ಯಾಕಪ್ಪ ಇಷ್ಟು ಜಾಸ್ತಿ?" ಹುಡುಗ "ಪ್ಯೂರ್ ಸಾರ್" ಅಂದ. ಅವರು ಬೇರೆ ಗಿರಾಕಿ ಕಡೆ ತಿರುಗಿದರು.

ತಪ್ಪು ಹುಡುಗನದಲ್ಲ. ಗಾಣದ ಲೆಕ್ಕ ಅವನಿಗೆ ನಾವು ಹೇಳಿಕೊಟ್ಟೇ ಇರಲಿಲ್ಲ. 1 ಲೀಟರ್ ಗಾಣದ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಶೇಂಗಾ ಬೀಜ ಬೇಕು. ಕಾಯಿ ಲೆಕ್ಕದಲ್ಲಿ ಮೂರೂವರೆ ಕೆಜಿ ಆಸುಪಾಸು. ಬೀಜದ ಇವತ್ತಿನ ರೇಟು ಅಂಗಡಿಯವರಿಗೆ ಗೊತ್ತೇ ಇರುತ್ತೆ, ಅವರೂ ಮಾರುತ್ತಾರಲ್ಲ. "ನೀವೇ ಗುಣಿಸಿ ನೋಡಿ ಅಣ್ಣ" ಅಂದರೆ ಸಾಕು. ಹಿಂಡಿ ಮಾರಿದ್ದರಲ್ಲಿ ನಮಗೆ ಒಂದಿಷ್ಟು ವಾಪಸ್ ಬರುತ್ತೆ ಅನ್ನೋದನ್ನೂ ಮುಚ್ಚಿಡಬೇಡಿ, ಅವರಿಗೆ ಅದೂ ಗೊತ್ತು. ಇನ್ನೊಂದು, 1 ಲೀಟರ್ ಎಣ್ಣೆ ತೂಕಕ್ಕಿಟ್ಟರೆ ಸುಮಾರು 910 ಗ್ರಾಂ ಬರುತ್ತೆ. ಮೊದಲೇ ಹೇಳದಿದ್ದರೆ ತಕ್ಕಡಿಗಿಟ್ಟ ಗಿರಾಕಿ ನಮ್ಮನ್ನ ಕಳ್ಳರು ಅಂತಾನೆ.

ಜೊತೆಗೆ ಹೋದಾಗ ಕಷ್ಟದ ಕೆಲಸ ಅಂದರೆ ಬಾಯಿ ಮುಚ್ಚಿಕೊಂಡಿರೋದು. ನಾನು ಮೊದಲನೇ ದಿನ ತಡೀಲಾರದೆ ಮಧ್ಯೆ ಬಾಯಿ ಹಾಕಿದೆ. ಎರಡು ಕ್ಯಾನ್ ಹೋಯ್ತು, ಬೀಗಿದೆ. ಮುಂದಿನ ಅಂಗಡಿಯಲ್ಲಿ ಹುಡುಗ ನನ್ನ ಮುಖ ನೋಡಿ ನಿಂತುಬಿಟ್ಟ! ಈಗ ಎಷ್ಟೇ ಎಡವಲಿ, ಒಳಗೆ ಮಾತಾಡಲ್ಲ. ಹೊರಗೆ ಬಂದ ಮೇಲೆ "ಹೇಗಾಯ್ತು ಅನ್ಸುತ್ತೆ?" ಅಂತ ಮೊದಲು ಅವರನ್ನೇ ಕೇಳ್ತೀನಿ. ಆಮೇಲೆ ತಿದ್ದೋದು ಒಂದೇ ಒಂದು ವಿಷಯ. ಮುಂದಿನ ವಾರ ಅದನ್ನಷ್ಟೇ ನೋಡ್ತೀನಿ.

ಹೊರಡೋ ಮುಂಚೆ ಆಫೀಸಲ್ಲಿ ನಾನೇ ಜಿಪುಣ ಅಂಗಡಿಯವನಾಗಿ ಚೌಕಾಸಿ ಮಾಡ್ತೀನಿ, ನಗು ಬರುತ್ತೆ, ಆದರೆ ಉಪಯೋಗ ಇದೆ. ತಮ್ಮ ಒಂದು ನಿಮಿಷದ ಮಾತನ್ನ ಫೋನಲ್ಲಿ ರೆಕಾರ್ಡ್ ಮಾಡಿ ತಾವೇ ಕೇಳಿಸಿಕೊಳ್ತಾರೆ. (ಅಂಗಡಿಯವರನ್ನ ಕೇಳದೆ ಅವರ ಮಾತು ರೆಕಾರ್ಡ್ ಮಾಡಬೇಡಿ.)

ಲೆಕ್ಕದ ಶೀಟನ್ನೂ ಬದಲಿಸಿದೆವು. ಮೊದಲು ಒಟ್ಟು ಲೀಟರ್ ಮಾತ್ರ ಬರೀತಿದ್ದೆವು. ಈಗ ಎಷ್ಟು ಅಂಗಡಿಗೆ ಹೋದರು, ಎಷ್ಟು ಹೊಸ ಆರ್ಡರ್, ಎಷ್ಟು ಅಂಗಡಿ ಎರಡನೇ ಸಲ ತಗೊಂಡವು, ಎಷ್ಟು ದುಡ್ಡು ಕೈಗೆ ಬಂತು ಅಂತ ಬರೀತೀವಿ. ಆಗಲೇ ಗುಟ್ಟು ಹೊರಬಿತ್ತು. ಎಲ್ಲರಿಗಿಂತ ಜಾಸ್ತಿ ಮಾರುತ್ತಿದ್ದವನು ಉದ್ರಿ ತುಂಬಿಸಿ ಬರ್ತಿದ್ದ. ಮಾತು ಕಮ್ಮಿ ಅಂತ ನಾವು ಬದಿಗಿಟ್ಟಿದ್ದ ಹುಡುಗಿಯ ಅಂಗಡಿಗಳು ತಪ್ಪದೆ ಮತ್ತೆ ಆರ್ಡರ್ ಕೊಡ್ತಿದ್ದವು. ಅವಳು ಹೋದ ತಕ್ಷಣ ಶೆಲ್ಫಲ್ಲಿ ಎಷ್ಟು ಉಳಿದಿದೆ ಅಂತ ಎಣಿಸ್ತಾಳೆ, ಆಮೇಲೇ ಮಾತು. ಅಂದಿನಿಂದ ಇನ್ಸೆಂಟಿವ್ ಕೊಡೋದು ಕೈಗೆ ಬಂದ ದುಡ್ಡಿನ ಮೇಲೆ, ಇಟ್ಟು ಬಂದ ಮಾಲಿನ ಮೇಲಲ್ಲ. ಉದ್ರಿ ಹುಡುಗ ಎರಡು ವಾರ ಮುಖ ಊದಿಸಿಕೊಂಡಿದ್ದ. ಈಗ ಗುರುವಾರ ಅವಳ ರೂಟಲ್ಲಿ ಅವನೂ ಹೋಗ್ತಾನೆ, ಬೈಕ್ ಹಿಂದೆ ಕೂತು.